ಪುಸ್ತಕವನ್ನೇ ಓದಿ

ಪಿಯುಸಿ ಮುಗಿಸಿ ಡಿಗ್ರಿಯ ಮೊದಲ ಸೆಮಿಸ್ಟರಿಗೆ ಬಂದಿದ್ದೀರಿ. ಇಷ್ಟು ದಿನ ಒಂದು ವಿಷಯಕ್ಕೆ ಒಂದು ಪಠ್ಯಪುಸ್ತಕ, ಪಾಠದ ಕೊನೆಗೆ ಪ್ರಶ್ನೆ, ಪ್ರಶ್ನೆಗೊಂದು ಸಿದ್ಧ ಉತ್ತರ ಇರುತ್ತಿತ್ತು. ಈಗ ಮೇಷ್ಟ್ರು ನಾಲ್ಕೈದು ಪುಸ್ತಕಗಳ ಹೆಸರು ಹೇಳಿ, ಓದಿಕೊಂಡು ಹತ್ತು ಪುಟ ಬರೆದು ತನ್ನಿ ಎನ್ನುತ್ತಾರೆ. ತೆರೆದು ನೋಡಿದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಿಲ್ಲ. ಆ ಗಾಬರಿಯಲ್ಲಿ ಅನೇಕರು ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಗೆ ಹೋಗಿ ಸೀನಿಯರ್‌ಗಳ ನೋಟ್ಸ್ ತರುತ್ತಾರೆ. ಈಗಂತೂ ಅಷ್ಟು ದೂರವೂ ನಡೆಯಬೇಕಿಲ್ಲ, ಮೊಬೈಲನ್ನು ಕೇಳಿದರೆ ಹತ್ತು ಪುಟ ಅದೇ ಬರೆದುಕೊಡುತ್ತದೆ. ನನಗೆ ಚಿಂತೆಯಾಗುವುದು ಇಲ್ಲಿಯೇ. ಮೂರು ವರ್ಷ ಕಳೆದು ಡಿಗ್ರಿ ಕೈಗೆ ಬಂದಾಗ, ಒಂದು ಪುಸ್ತಕವನ್ನೂ ನೇರವಾಗಿ ಎದುರಿಸದೆ ನೀವು ಹೊರಗೆ ಬಂದುಬಿಡಬಹುದು.

ಜೆರಾಕ್ಸ್ ಇಲ್ಲದ ಕಾಲದಲ್ಲಿ ಓದಿದವರು ನಾವು. ಮನೆಗೆ ಕೊಡದ ಪುಸ್ತಕವನ್ನು ಲೈಬ್ರರಿಯಲ್ಲೇ ಕೂತು ಬರೆದುಕೊಳ್ಳಬೇಕಿತ್ತು. ಅದು ಸುಖದ ಕಾಲವೇನಲ್ಲ. ಪುಸ್ತಕ ಸಿಗದೆ ಓದನ್ನೇ ಬಿಟ್ಟವರಿದ್ದರು. ಆದರೆ ಎಲ್ಲವನ್ನೂ ಇಳಿಸಿಕೊಳ್ಳಲು ಕೈ ಸೋಲುತ್ತಿದ್ದುದರಿಂದ, ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಸಾಲುಸಾಲಿಗೂ ಯೋಚಿಸಲೇಬೇಕಾಗುತ್ತಿತ್ತು. ಓದುವ ಕೆಲಸ ಅರ್ಧ ಅಲ್ಲಿಯೇ ಆಗಿಬಿಡುತ್ತಿತ್ತು.

ಇವತ್ತು ಶೋಧಗಂಗಾ ಎಂಬ ಜಾಲತಾಣದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಲಕ್ಷಗಟ್ಟಲೆ ಇವೆ, ಕಾಸು ಖರ್ಚಿಲ್ಲದೆ ಓದಬಹುದು. ಇಂಥ ಭಾಗ್ಯ ನಮಗಿರಲಿಲ್ಲ. ಆದರೆ ಇಳಿಸಿಟ್ಟುಕೊಂಡದ್ದೆಲ್ಲ ಓದಿದಂತಾಗುವುದಿಲ್ಲ. ಒಂದು ಪುಸ್ತಕ ಕೈಗೆತ್ತಿಕೊಂಡರೆ ಮೊದಲು ಪರಿವಿಡಿ, ಪ್ರಸ್ತಾವನೆ ನೋಡಿ. ಬೇಕಾದ ಅಧ್ಯಾಯವನ್ನು ಒಮ್ಮೆ ನಿಲ್ಲಿಸದೆ ಓದಿ. ಅರ್ಥವಾಗದ ಕಡೆ ಹೆದರಬೇಡಿ. ಎರಡನೆಯ ಸಲ ಓದುವಾಗ ಲೇಖಕರನ್ನು ಕೇಳುತ್ತಾ ಹೋಗಿ: ನೀವು ಹೇಳುತ್ತಿರುವುದೇನು, ಅದಕ್ಕೆ ಆಧಾರ ಯಾವುದು, ಯಾರ ಮಾತನ್ನು ಒಪ್ಪದೆ ಇದನ್ನು ಬರೆದಿರಿ? ಆಮೇಲೆ ಪುಸ್ತಕ ಮುಚ್ಚಿಟ್ಟು ನಿಮ್ಮದೇ ಮಾತಿನಲ್ಲಿ ಐದಾರು ಸಾಲು ಬರೆಯಿರಿ. ಬರೆಯಲು ಬರಲಿಲ್ಲವೆಂದರೆ ಆ ಅಧ್ಯಾಯ ಇನ್ನೂ ನಿಮ್ಮದಾಗಿಲ್ಲ, ಮತ್ತೆ ತೆರೆಯಿರಿ. ಹಳದಿ ಪೆನ್ನಿನಲ್ಲಿ ಪುಟವಿಡೀ ಗೆರೆ ಎಳೆದವರಿಗೆ ಇದು ಗೊತ್ತಾಗುವುದೇ ಇಲ್ಲ.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರ ವಿಷಯ ನಿಮಗೆ ಹೇಳಬೇಕು. 1948ರಲ್ಲಿ ಅವರು ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಅಲ್ಲಿನ ಬದುಕನ್ನು ಟಿಪ್ಪಣಿ ಮಾಡಿಕೊಂಡರು. ತಮ್ಮ ಬರಹದಲ್ಲಿ ಆ ಹಳ್ಳಿಗೆ ರಾಂಪುರ ಎಂದು ಹೆಸರಿಟ್ಟರು. ಅನೇಕ ವರ್ಷ ತಿದ್ದಿ, ವಿಂಗಡಿಸಿ ಸಿದ್ಧಮಾಡಿದ ಆ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಆಹುತಿಯಾದವು. ಅವರು ನೆನಪಿನಿಂದಲೇ ಬರೆಯಲು ಕೂತರು. 1976ರಲ್ಲಿ ಬಂದ 'ದಿ ರಿಮೆಂಬರ್ಡ್ ವಿಲೇಜ್' ಇವತ್ತಿಗೂ ಸಮಾಜಶಾಸ್ತ್ರದ ತರಗತಿಗಳಲ್ಲಿ ಓದುವ ಪುಸ್ತಕ. ಅಷ್ಟು ವರ್ಷ ತಾವೇ ಬರೆದು, ತಾವೇ ಮತ್ತೆ ಮತ್ತೆ ಜೋಡಿಸಿದ್ದರಿಂದಲೇ ಆ ಹಳ್ಳಿ ಅವರೊಳಗೆ ಉಳಿದಿತ್ತು ಎಂದು ನನಗೆ ಅನ್ನಿಸುತ್ತದೆ. ಬೇರೆಯವರ ನೋಟ್ಸ್ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದರೆ ಸುಟ್ಟ ಮೇಲೆ ಏನು ಉಳಿಯುತ್ತಿತ್ತು?

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ಇಂಗ್ಲಿಷ್ ಪುಸ್ತಕ ಕಂಡೊಡನೆ ನಿಮಗೆ ತಲೆಯಿಲ್ಲ ಎಂದುಕೊಳ್ಳಬೇಡಿ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ದಿನಕ್ಕೆ ಎರಡೇ ಪುಟ ಓದಿ, ಓದಿದ್ದನ್ನು ಗೆಳೆಯರೊಂದಿಗೆ ಕನ್ನಡದಲ್ಲಿ ಚರ್ಚಿಸಿ. ವಿಚಾರ ಕನ್ನಡದಲ್ಲಿ ನಿಚ್ಚಳವಾದ ಮೇಲೆ ಇಂಗ್ಲಿಷಿನಲ್ಲಿ ಬರೆಯುವುದು ಬರೀ ವಾಕ್ಯದ ಕಷ್ಟ, ಅದು ವರ್ಷದೊಳಗೆ ಕಡಿಮೆಯಾಗುತ್ತದೆ. ಅರ್ಥವಾಗದೆ ಬಾಯಿಪಾಠ ಮಾಡಿದ್ದು ಪರೀಕ್ಷೆಯ ಮರುದಿನವೇ ಹೋಗುತ್ತದೆ.

ಇನ್ನು ಬರೆಯುವಾಗ, ಯಾರಿಂದ ತೆಗೆದುಕೊಂಡಿರೋ ಅವರ ಹೆಸರು ಹೇಳಿ. ಇದಕ್ಕೆ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯನ್ನು ನೋಡಿ. ಕನ್ನಡ ಕವಿಗಳನ್ನು ಕುರಿತ ಅದರ ಮೂರು ಸಂಪುಟಗಳು 1907ರಿಂದ 1929ರವರೆಗೆ ಬಂದವು. ಕವಿಯ ಕಾಲ ಹೇಳುವಾಗ ಅವರು ಸುಮ್ಮನೆ ಇಸವಿ ಬರೆದು ಮುಂದೆ ಹೋಗುವುದಿಲ್ಲ. ಇಂಥ ಶಾಸನದಲ್ಲಿ ಹೀಗಿದೆ, ಇಂಥ ಕವಿ ಇವನನ್ನು ನೆನೆದಿದ್ದಾನೆ ಎಂದು ಆಧಾರ ಮುಂದಿಡುತ್ತಾರೆ. ಆದ್ದರಿಂದಲೇ ಮುಂದಿನವರು ಅವರ ಜೊತೆ ವಾದ ಮಾಡಲು, ಅವರನ್ನು ತಿದ್ದಲು ಸಾಧ್ಯವಾಯಿತು.

ನೀವು ಮುಂದೆ ಪಿಎಚ್.ಡಿ. ಮಾಡಿದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮ ಎದುರಾಗುತ್ತದೆ: ಪ್ರಬಂಧದಲ್ಲಿ ಶೇ. 60ಕ್ಕಿಂತ ಹೆಚ್ಚು ನಕಲು ಕಂಡರೆ ನೋಂದಣಿಯೇ ರದ್ದು. ಮೊದಲ ವರ್ಷದ ಅಸೈನ್‌ಮೆಂಟಿಗೆ ಆ ನಿಯಮ ತಾಕುವುದಿಲ್ಲ. ಆದರೆ ಕೈ ಪಳಗುವುದು ಈಗಲೇ. ಟಿಪ್ಪಣಿ ಮಾಡಿಕೊಂಡ ಕ್ಷಣದಲ್ಲೇ ಲೇಖಕರ ಹೆಸರು, ಪುಸ್ತಕ, ಇಸವಿ, ಪುಟಸಂಖ್ಯೆ ಅಂಚಿನಲ್ಲಿ ಬರೆದಿಡಿ. ಅವರದೇ ಮಾತಾದರೆ ಉದ್ಧರಣ ಚಿಹ್ನೆ ಹಾಕಿ. ಮೊಬೈಲಿನ ಯಂತ್ರ ಕೆಲವೊಮ್ಮೆ ಇಲ್ಲದ ಪುಸ್ತಕ, ಇಲ್ಲದ ಪುಟಗಳನ್ನು ನಂಬುವಂತೆ ಹೇಳಿಬಿಡುತ್ತದೆ. ಕಣ್ಣಾರೆ ಕಾಣದ ಪುಸ್ತಕದ ಹೆಸರನ್ನು ನಿಮ್ಮ ಹಾಳೆಯ ಮೇಲೆ ಬರೆಯಬೇಡಿ.

ಸೆಮಿಸ್ಟರ್ ಇನ್ನೂ ಮುಗಿದಿಲ್ಲ. ಈ ವಾರದ ಅಸೈನ್‌ಮೆಂಟಿಗೆ ಮೇಷ್ಟ್ರು ಹೇಳಿದ ಪುಸ್ತಕಗಳಲ್ಲಿ ಒಂದನ್ನಾದರೂ ಲೈಬ್ರರಿಯಿಂದ ತನ್ನಿ. ಒಂದು ಅಧ್ಯಾಯ ಓದಿ ಎರಡು ಪುಟ ಬರೆದು, ಕೊಡುವ ದಿನಕ್ಕೆ ಮೊದಲೇ ಅವರಿಗೆ ತೋರಿಸಿ, ಎಲ್ಲಿ ತಪ್ಪಿದ್ದೇನೆ ಎಂದು ಕೇಳಿ. ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟರೆ ಬೇಸರ ಮಾಡಿಕೊಳ್ಳದೆ ಅದನ್ನೇ ಇನ್ನೊಮ್ಮೆ ಬರೆಯಿರಿ.