ಪರಿಶುದ್ಧತೆಗೂ ತಕ್ಕಡಿಗೂ ಏನು ನಂಟು?

ಪ್ರೀತಿಯ ತಮ್ಮ,

ಪರಿಶುದ್ಧ ಜೀವನ ಎಂದ ಕೂಡಲೇ ನಿನ್ನ ವಯಸ್ಸಿನವರಿಗೆ ನೆನಪಾಗುವುದು ಬೇಡಗಳ ಪಟ್ಟಿ: ಸಿನಿಮಾ ಬೇಡ, ಕುಡಿತ ಬೇಡ, ಹೊರಗಿನವರ ಸಹವಾಸ ಬೇಡ. ಕುಡಿತ ಬೇಡವೆಂದು ನಾನೂ ಹೇಳುವವನೇ. ಆದರೆ ಮಾತು ಅಲ್ಲಿಗೇ ಮುಗಿದರೆ ದೇವರ ಪರಿಶುದ್ಧತೆ ತೀರಾ ಅಗ್ಗವಾಗಿಬಿಡುತ್ತದೆ. ಯಾಜಕಕಾಂಡದ 19ನೆಯ ಅಧ್ಯಾಯ ತೆಗೆದು ನೋಡು. ದೇವರು ಪರಿಶುದ್ಧನಾದ್ದರಿಂದ ಆತನ ಜನರೂ ಹಾಗೆಯೇ ಇರಬೇಕೆಂದು ಶುರುವಾಗುವ ಅಧ್ಯಾಯ ಅದು. ಮುಂದೇನಿದೆ? ಹೊಲದ ಅಂಚಿನ ಪೈರನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕು. ಕೂಲಿಯವನ ಕೂಲಿ ರಾತ್ರಿ ಕಳೆದು ಬೆಳಗಾಗುವವರೆಗೆ ಧಣಿಯ ಬಳಿ ಉಳಿಯಬಾರದು. ತಕ್ಕಡಿ, ತೂಕದ ಬಟ್ಟು, ಅಳತೆ ಎಲ್ಲ ಸರಿಯಿರಬೇಕು. ಕಿವುಡನನ್ನು ಶಪಿಸಬಾರದು, ಕುರುಡನ ಮುಂದೆ ಎಡವುಗಲ್ಲು ಇಡಬಾರದು. ಕಿವುಡನಿಗೆ ಶಾಪ ಕೇಳಿಸದು, ಕಲ್ಲಿಟ್ಟವನಾರೆಂದು ಕುರುಡನಿಗೆ ತಿಳಿಯದು. ದೂರು ಕೊಡಲಾಗದವನ ವಿಷಯದಲ್ಲಿ ನೀನು ಹೇಗೆ ನಡೆದುಕೊಳ್ಳುತ್ತೀ ಎಂಬುದನ್ನೇ ಅಲ್ಲಿ ದೇವಭಯದ ಜೊತೆ ಸೇರಿಸಿದ್ದಾರೆ.

ಅದೇ ಅಧ್ಯಾಯದಲ್ಲಿ ಎರಡು ಬಗೆಯ ನೂಲಿನ ಬಟ್ಟೆ ತೊಡಬಾರದೆಂದೂ ಇದೆಯಲ್ಲ, ಅದನ್ನೇಕೆ ಬಿಟ್ಟಿರಿ ಎಂದು ನೀನು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಪರಿಶುದ್ಧರಾಗಿರಿ ಎಂಬ ಆ ಕರೆಯನ್ನು ಕ್ರೈಸ್ತರಿಗೆ ದಾಟಿಸಿದ್ದು ಪೇತ್ರನ ಮೊದಲ ಪತ್ರ. ಇದೇ ಪೇತ್ರ ಯೊಪ್ಪದಲ್ಲಿ ಇಳಿದುಕೊಂಡಿದ್ದು ಸಮುದ್ರದ ಪಕ್ಕ, ತೊಗಲು ಹದ ಮಾಡುವ ಸೀಮೋನನ ಮನೆಯಲ್ಲಿ. ಸತ್ತ ಪ್ರಾಣಿಯನ್ನು ಮುಟ್ಟುವ ಆ ಕಸುಬು ಕಟ್ಟುನಿಟ್ಟಿನ ಯೆಹೂದ್ಯರಿಗೆ ಮೈಲಿಗೆ. ಆ ಮನೆಯ ಮಾಳಿಗೆಯ ಮೇಲೆ, ನಡುಮಧ್ಯಾಹ್ನ, ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂದು ಅವನು ಕಲಿತ. ಮರುದಿನವೇ ರೋಮನ್ ಶತಾಧಿಪತಿ ಕೊರ್ನೇಲ್ಯನ ಮನೆಗೆ ಹೊರಟ. ಜನಾಂಗವನ್ನು ಜನಾಂಗದಿಂದ ಬೇರ್ಪಡಿಸುವ ಗುರುತುಗಳು ಹೀಗೆ ಬಿದ್ದುಹೋದವು. ಕೂಲಿಯ ಮಾತು ಬೀಳಲಿಲ್ಲ: ತಡೆಹಿಡಿದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಯಾಕೋಬನ ಪತ್ರ ಹೇಳುತ್ತದೆ. ನಾವು ಮಾತ್ರ ಎಷ್ಟೋ ಸಲ ಇದನ್ನು ತಿರುವುಮುರುವು ಮಾಡಿದ್ದೇವೆ. ಸಂಬಂಧ ಕುದುರಿಸುವಾಗ ಜಾತಿ ವಿಚಾರಿಸುವ ಕ್ರೈಸ್ತ ಮನೆಗಳು ಈಗಲೂ ಇವೆ, ಭಾನುವಾರದ ಆರಾಧನೆ ತಪ್ಪಿಸದ ಮನೆಗಳೇ.

ದೇವರ ಪರಿಶುದ್ಧತೆ ಮನುಷ್ಯನಿಗೆ ಎಟುಕುವುದೇ? ತಾನಾಗಿ ಎಟುಕುವುದಿಲ್ಲ. ಅರಸ ಉಜ್ಜೀಯ ತೀರಿಕೊಂಡ ವರ್ಷ ದರ್ಶನ ಕಂಡ ಯೆಶಾಯ ತನ್ನ ತುಟಿಗಳು ಹೊಲಸೆಂದು ಕಂಗೆಟ್ಟ. ಪ್ರವಾದಿಗೆ ಬಾಯಿಯೇ ಬಂಡವಾಳ. ಅವನಿಗೆ ಕೊಳೆ ಕಂಡದ್ದು ಅಲ್ಲೇ. ಅದನ್ನು ನೀಗಿದ್ದು ಅವನ ಸಾಧನೆಯಲ್ಲ, ಬಲಿಪೀಠದಿಂದ ಸೆರಾಫ ತಂದ ಕೆಂಡ. ಹಾಗಾದರೆ ಎಲ್ಲವೂ ಕೃಪೆಯೇ, ನಡತೆಯ ಲೆಕ್ಕ ಏತಕ್ಕೆ ಎನ್ನುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ಅವರಿಗೆ ಯೆರಿಕೋವಿನ ಸುಂಕದವ ಜಕ್ಕಾಯನನ್ನು ತೋರಿಸು. ಮೊದಲು ಬಾಕಿ ತೀರಿಸು, ಆಮೇಲೆ ಬರುತ್ತೇನೆ ಎಂಬ ಷರತ್ತನ್ನು ಯೇಸುಸ್ವಾಮಿ ಹಾಕಲಿಲ್ಲ. ಅವನ ಮನೆಗೆ ತಾವಾಗಿ ಹೋದರು. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂಬ ಮಾತು ಅವನ ಬಾಯಿಂದ ಬಂದದ್ದು ಅತಿಥಿಯನ್ನು ಬರಮಾಡಿಕೊಂಡ ಮೇಲೆ. ತಾನಾಗಿ ತಪ್ಪೊಪ್ಪಿಕೊಂಡವನಿಂದ ಮೋಶೆಯ ಧರ್ಮಶಾಸ್ತ್ರ ಕೇಳಿದ್ದಾದರೂ ಎಷ್ಟು? ಅಸಲು, ಅದರ ಮೇಲೆ ಐದನೆಯ ಒಂದು ಪಾಲು, ಅಷ್ಟೇ.

ಇತಿ,
ನಿನ್ನ ಹಿತೈಷಿ