ಪುಟ್ಟಿಗೆ ಕಾಗದ: ಕಂಪ್ಯೂಟರಿನೊಳಗೆ ಕೂತ ಕಣ್ಣು

ಸಾಗರ,
ಬುಧವಾರ ರಾತ್ರಿ

ಪುಟ್ಟೀ,

ಕಾಗದ ಬರೆದು ಎಷ್ಟೋ ವರ್ಷವಾಯಿತು. ಇದನ್ನು ನಿಮ್ಮ ಮನೆಗೆ ಹಾಕದೆ ನಿನ್ನ ಗೆಳತಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಇಮೇಲ್ ಮಾಡಬಹುದಿತ್ತು. ಆದರೆ ನಿನ್ನ ಇಮೇಲನ್ನು ಈಗ ಇಬ್ಬರು ಓದುತ್ತಿದ್ದಾರೆ.

ಭಾನುವಾರ ನೀನು ಗೆಳತಿಯ ಫೋನಿನಿಂದ ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. ಪುಣೆಯ ಸಂದರ್ಶನದ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಒಂದು ದಿನ ಊಟಕ್ಕೆ ಕೂತಾಗ ನಿಮ್ಮಣ್ಣ ಸಾರು ಬಡಿಸಿಕೊಳ್ಳುತ್ತಾ "ಪುಣೆಯಲ್ಲಿ ಬಾಡಿಗೆ ಬಹಳ ಅಂತೆ ಕಣೇ" ಅಂದ. ತುತ್ತು ಕೈಯಲ್ಲೇ ನಿಂತಿತು ಅಂದೆ. ಇಷ್ಟೇ ಆಗಿದ್ದರೆ ಯಾರೋ ನಿನ್ನ ಮೇಲ್ ತೆರೆದಿದ್ದಾರೆ ಅಂದುಕೊಳ್ಳಬಹುದಿತ್ತು. ಆದರೆ ನೀನು ನೋಟ್‌ಪ್ಯಾಡಿನಲ್ಲಿ ಬರೆದು, ಎಲ್ಲಿಗೂ ಕಳಿಸದೆ, ಉಳಿಸಿಯೂ ಇಡದೆ ಅಳಿಸಿಹಾಕಿದ ಒಂದು ಸಾಲು ಕೂಡ ಅವನ ಬಾಯಲ್ಲಿ ಬಂತಲ್ಲ, ಅಲ್ಲಿಗೆ ನನಗೆ ಖಾತ್ರಿಯಾಯಿತು. ಮೇಲ್ ಪಾಸ್‌ವರ್ಡ್ ಕದ್ದವರಿಗೆ ಆ ಸಾಲು ಸಿಗುವುದಿಲ್ಲ. ಅದು ಸಿಗಬೇಕಾದರೆ ಕಂಪ್ಯೂಟರಿನೊಳಗೇ ಏನೋ ಕೂತಿರಬೇಕು. ದೀಪಾವಳಿ ರಜೆಯಲ್ಲಿ "ನಿಧಾನ ಆಗಿದೆ" ಎಂದು ಅವನೇ ಫಾರ್ಮ್ಯಾಟ್ ಮಾಡಿಕೊಟ್ಟಿದ್ದನ್ನೂ ನೀನೇ ಹೇಳಿದೆ.

ಹಾಗೆ ಒಳಗೆ ಕೂತಿರುವುದಕ್ಕೆ ಕೀಲಾಗರ್ ಎನ್ನುತ್ತಾರೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿದುಕೋ, ಹೆದರಿಕೆ ಅರ್ಧ ಇಳಿಯುತ್ತದೆ. ನೀನು ನಿನ್ನ ಪ್ರಬಂಧವನ್ನು ನುಡಿಯಲ್ಲಿ ಟೈಪ್ ಮಾಡುತ್ತೀಯ. ಕೀಬೋರ್ಡಿನ ಮೇಲಿರುವುದು ಇಂಗ್ಲಿಷ್ ಅಕ್ಷರ, ಪರದೆಯ ಮೇಲೆ ಮೂಡುವುದು ಕನ್ನಡ. ನಡುವೆ ನುಡಿ ನಿಂತಿರುತ್ತದೆ. ನೀನು ಒತ್ತಿದ ಕೀಲಿ ವರ್ಡಿಗೆ ತಲುಪುವ ಮೊದಲೇ ಹಿಡಿದು, ಕನ್ನಡ ಮಾಡಿ ಮುಂದಕ್ಕೆ ಬಿಡುತ್ತದೆ. ಕೀಲಾಗರ್ ನಿಲ್ಲುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಅದು ಏನನ್ನೂ ಬದಲಿಸದೆ, ಒತ್ತಿದ್ದನ್ನೆಲ್ಲ ಬರೆದಿಟ್ಟುಕೊಂಡು ಮುಂದಕ್ಕೆ ಬಿಡುತ್ತದೆ. ಅಳಿಸಿದ ಸಾಲು ಸಿಕ್ಕಿದ್ದು ಹೀಗೆ. ಇನ್ನು ಕೆಲವು ಇಂತಿಷ್ಟು ನಿಮಿಷಕ್ಕೊಮ್ಮೆ ಪರದೆಯ ಚಿತ್ರ ಹಿಡಿದು ಕಳಿಸುತ್ತವೆ. ಹುಡುಕುವ ಭರದಲ್ಲಿ ನುಡಿಯನ್ನೋ ಅಂಥದ್ದೇ ಬರಹ ತಂತ್ರಾಂಶವನ್ನೋ ಕಳ್ಳನೆಂದು ಕಿತ್ತುಹಾಕಬೇಡ, ಅವು ನಮ್ಮವು.

ಈಗ ಮುಖ್ಯ ಮಾತು. ಆ ಕೀಲಾಗರನ್ನು ಇವತ್ತೇ ತೆಗೆಯಬೇಡ.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಕಣ್ಣಿಗೆ ಕಂಡ ಹಾವನ್ನು ಮನೆಯಲ್ಲಿ ಇಟ್ಟುಕೊಂಡು ಮಲಗು ಅಂದ ಹಾಗಿದೆ. ಆದರೆ ಯೋಚಿಸು. ದಿನಾ ರಾತ್ರಿ ಕೀಲಾಗರ್ ಕಳಿಸುತ್ತಿದ್ದ ವರದಿ ಒಂದು ದಿನ ನಿಂತರೆ ನೋಡುತ್ತಿದ್ದವನಿಗೆ ಆ ಕ್ಷಣವೇ ತಿಳಿಯುತ್ತದೆ. ಆಮೇಲೆ ಮನೆಯಲ್ಲಿ ಏನಾಗುತ್ತದೆ? ಬರೀ ಮಾತಿನ ಜಗಳವೋ, ಫೋನ್ ಕಿತ್ತುಕೊಳ್ಳುವುದೋ, ಕೈ ಎತ್ತುವುದೋ? ನಿಮ್ಮಣ್ಣನನ್ನು ನಾನು ಎತ್ತಿ ಆಡಿಸಿದವಳು, ಅವನು ಕೈ ಎತ್ತುವವನಲ್ಲ ಎಂದು ನಂಬಿದ್ದೇನೆ. ಆದರೆ ನನ್ನ ನಂಬಿಕೆ ಬೇರೆ, ಆ ಮನೆಯಲ್ಲಿ ಇರುವವಳು ನೀನು. ನಿನಗೆ ಎಳ್ಳಷ್ಟು ಭಯವಿದ್ದರೂ ಮೊದಲು ಎಲ್ಲಿ ಇರುತ್ತೀಯ ಎಂಬುದು ತೀರ್ಮಾನವಾಗಲಿ, ಕಂಪ್ಯೂಟರ್ ಆಮೇಲೆ. 181 ಮಹಿಳಾ ಸಹಾಯವಾಣಿ, 112 ತುರ್ತಿಗೆ. ಎರಡನ್ನೂ ಬಾಯಿಪಾಠ ಮಾಡಿಕೋ, ಆ ಕಂಪ್ಯೂಟರಿನಲ್ಲಿ ಹುಡುಕಬೇಡ. "ಕೀಲಾಗರ್ ತೆಗೆಯುವುದು ಹೇಗೆ" ಎಂದು ಅಲ್ಲಿ ಟೈಪ್ ಮಾಡಿದರೆ ಅದೂ ವರದಿಯಲ್ಲಿ ಹೋಗುತ್ತದೆ.

ತೆಗೆಯುವ ತನಕ ಕಂಪ್ಯೂಟರನ್ನು ಎಂದಿನಂತೆ ಬಳಸು. ಪ್ರಬಂಧ ಬರೆ, ಹಾಡು ಕೇಳು. ಬ್ಯಾಂಕಿನ ಕೆಲಸ, ಗುಟ್ಟಿನ ಮಾತು ಮಾತ್ರ ಬೇಡ.

ಯಾರೂ ಇಲ್ಲದ ಹೊತ್ತಿನಲ್ಲಿ ಕೆಲವು ಜಾಗ ನೋಡಿಡು. ಮೊದಲು ಕೈಯಿಂದ. ಸಿಪಿಯು ಡಬ್ಬಿಯ ಹಿಂದೆ ಕೀಬೋರ್ಡಿನ ವೈರ್ ಎಲ್ಲಿ ಸೇರುತ್ತದೋ ಅಲ್ಲಿ ಬೆರಳಾಡಿಸು. ಹೆಬ್ಬೆರಳಷ್ಟು ಉದ್ದದ ಒಂದು ತುಂಡು ವೈರಿಗೂ ಡಬ್ಬಿಗೂ ನಡುವೆ ಸಿಕ್ಕಿಸಿದ್ದರೆ ಅದೇ ಕೀಲಾಗರ್ ಇರಬಹುದು. ಅದನ್ನು ಯಾವ ಆ್ಯಂಟಿವೈರಸ್ಸೂ ಹಿಡಿಯಲಾರದು, ಫಾರ್ಮ್ಯಾಟ್ ಮಾಡಿದರೂ ಹೋಗದು, ಕೈಯಿಂದಲೇ ಕೀಳಬೇಕು. ಆಮೇಲೆ ವಿಂಡೋಸ್ ಸೆಕ್ಯುರಿಟಿಯಲ್ಲಿ ಎಕ್ಸ್‌ಕ್ಲೂಷನ್ಸ್ ಎಂಬ ಪಟ್ಟಿ ನೋಡು. "ಇವನ್ನು ಪರೀಕ್ಷೆ ಮಾಡಬೇಡ" ಎಂದು ಆ್ಯಂಟಿವೈರಸ್ಸಿಗೆ ಹೇಳಿಟ್ಟ ಫೋಲ್ಡರುಗಳು ಅಲ್ಲಿರುತ್ತವೆ. ಕಣ್ಣಿಡುವ ತಂತ್ರಾಂಶ ಹಾಕುವವರು ಬಹುಮಟ್ಟಿಗೆ ಮೊದಲು ಮಾಡುವ ಕೆಲಸವೇ ಇದು, ಇಲ್ಲದಿದ್ದರೆ ವಿಂಡೋಸಿನ ಆ್ಯಂಟಿವೈರಸ್ ಡಿಫೆಂಡರ್ ಅದನ್ನು ಹಿಡಿದುಬಿಡುತ್ತದೆ. ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಮೊದಲು ತೆರೆಯುವ ಜಾಗ ಅದು. ನೀನು ಸೇರಿಸದ ಒಂದು ಫೋಲ್ಡರ್ ಅಲ್ಲಿ ಕಂಡರೆ ಮುಕ್ಕಾಲು ಉತ್ತರ ಸಿಕ್ಕಿತು. ಆ ಪುಟ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳಿ ಅದು ನಿನ್ನ ಬಳಿ ಇಲ್ಲದಿದ್ದರೆ, ಅದೂ ಒಂದು ಉತ್ತರವೇ. ನಿನ್ನ ಕಂಪ್ಯೂಟರಿಗೆ ಒಡೆಯ ಬೇರೆಯವನಾಗಿದ್ದಾನೆ.

ಬಳಕೆದಾರರ ಪಟ್ಟಿಯಲ್ಲಿ ನಿನ್ನದಲ್ಲದ ಹೆಸರಿದೆಯೇ, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ತರಹದ್ದು ಇದೆಯೇ, ಕ್ರೋಮಿನಲ್ಲಿ ನೀನು ಹಾಕದ ಎಕ್ಸ್‌ಟೆನ್ಷನ್ ಇದೆಯೇ, ಅದನ್ನೂ ನೋಡು. ಏನು ಕಂಡರೂ ಗೆಳತಿಯ ಫೋನಿನಲ್ಲಿ ಪರದೆಯ ಫೋಟೋ ತೆಗೆದಿಡು, ತಾರೀಖು ಕಾಣುವ ಹಾಗೆ. ಮುಟ್ಟಬೇಡ. ಮುಂದೆ ದೂರು ಕೊಡುವ ಮನಸ್ಸಾದರೆ ಇದೇ ನಿನ್ನ ಕೈಯಲ್ಲಿ ಉಳಿಯುವುದು.

"ಅವನು ನನ್ನ ಒಳ್ಳೆಯದಕ್ಕೇ ಮಾಡಿರಬಹುದಾ ದೊಡ್ಡಮ್ಮಾ?" ಎಂದು ಕೇಳಿದೆಯಲ್ಲ. ಅದಕ್ಕೆ ಅವತ್ತು ಉತ್ತರ ಕೊಡದೆ ಬೇರೆ ಮಾತಿಗೆ ಹೋದೆ. ಯಾಕೆ ಅಂದರೆ ಹೇಳುವುದಕ್ಕೆ ಒಂದು ಹಳೆಯ ಕಥೆಯಿದೆ, ಯಾರಿಗೂ ಹೇಳಿರಲಿಲ್ಲ.

2011 ಇರಬೇಕು. ಒಬ್ಬ ತಂದೆ ಸಂಜೆ ಸಿಪಿಯು ಹೊತ್ತು ಅಂಗಡಿಗೆ ಬಂದರು. ಮಗಳು ಪಿಯುಸಿ, ಓದು ಬಿಟ್ಟು ಏನೇನೋ ನೋಡುತ್ತಾಳೆ, ಗೊತ್ತಾಗದ ಹಾಗೆ ಏನಾದರೂ ಹಾಕಿಕೊಡಿ ಎಂದರು. ಒಳ್ಳೆಯ ಮನುಷ್ಯ, ಕಣ್ಣಲ್ಲಿ ನೀರಿತ್ತು. ಹಾಕಿಕೊಟ್ಟೆ. ಐದು ನಿಮಿಷಕ್ಕೊಂದು ಚಿತ್ರ ಅವರ ಮೇಲಿಗೆ ಹೋಗುವ ಹಾಗೆ. ವಾರ ಕಳೆಯಿತು. ಆ ಹುಡುಗಿ ನೋಟ್ಸ್ ಜೆರಾಕ್ಸಿಗೆ ಬಂದವಳು ಕೌಂಟರಿನ ಹತ್ತಿರ ನಿಂತು, "ಆಂಟೀ, ನಮ್ಮ ಕಂಪ್ಯೂಟರ್ ಒಂಥರಾ ಆಡ್ತಿದೆ, ಬಂದು ನೋಡ್ತೀರಾ" ಎಂದು ಮಡಚಿ ಮಡಚಿ ಬೆವರಿನಲ್ಲಿ ಮೆತ್ತಗಾದ 50 ರೂಪಾಯಿಯ ನೋಟು ಚಾಚಿದಳು. ನಾನು "ವೈರಸ್ ಇರಬೇಕು, ನಿಮ್ಮಪ್ಪನಿಗೆ ಹೇಳಿದ್ದೀನಿ" ಎಂದೆ. ನೋಟು ತಗೊಂಡು ಗಲ್ಲಾಪೆಟ್ಟಿಗೆಗೆ ಹಾಕಿದೆ. ಆಮೇಲೆ ಅವಳು ನನ್ನ ಅಂಗಡಿಗೆ ಬರಲಿಲ್ಲ. ಎದುರಿನ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುವುದನ್ನು ಎರಡು ವರ್ಷ ನೋಡಿದೆ. ಅವಳಿಗೆ ಗೊತ್ತಾಗಿತ್ತು. ಆ ನೋಟು ಈಗಲೂ ನನ್ನ ಅಂಗೈಯಲ್ಲಿದೆ ಎನಿಸುತ್ತದೆ.

ಅಂದಿನಿಂದ ಅಂಥ ಕೆಲಸ ಮಾಡಿಲ್ಲ. ಚಿಕ್ಕ ಮಕ್ಕಳ ವಿಷಯ ಬೇರೆ. ಎಂಟು ವರ್ಷದ ಮಗುವಿಗೆ "ನೋಡು, ನೀನು ಏನು ನೋಡ್ತೀಯ ಅಂತ ನಾನು ನೋಡ್ತಿರ್ತೀನಿ" ಎಂದು ಹೇಳಿ ಹಾಕುವುದು ಸಾಕುವುದರ ಒಂದು ಭಾಗ. ಹೇಳದೆ ಹಾಕುವುದು, ಅದರಲ್ಲೂ 24 ವರ್ಷದ ಹುಡುಗಿಗೆ, ಅದು ಅಕ್ಕರೆ ಅಲ್ಲ. ಅಣ್ಣನಿಗೆ ಅಕ್ಕರೆ ಇದ್ದೇ ಇರಬಹುದು ಪುಟ್ಟೀ, ಈ ಕೆಲಸದಲ್ಲಿ ಅದು ಇಲ್ಲ.

ಇನ್ನೊಂದು. ನಿನ್ನ ಮಾತು ಅಣ್ಣನೊಬ್ಬನಿಗೇ ಹೋಗುತ್ತಿರಲಿಕ್ಕಿಲ್ಲ. ಸಾಮಾನ್ಯವಾಗಿ ಅದು ಮೊದಲು ಆ ತಂತ್ರಾಂಶ ಮಾರುವ ಕಂಪನಿಯ ಸರ್ವರಿಗೆ ಹೋಗಿ ಅಲ್ಲಿಂದ ಅವನಿಗೆ ಬರುತ್ತದೆ. ಅಮೆರಿಕದಲ್ಲಿ ಪಿಸಿಟ್ಯಾಟಲ್‌ಟೇಲ್ ಎಂಬ ಕಂಪನಿಯಿತ್ತು. ಗಂಡ ಹೆಂಡಿರ ಮೇಲೆ, ಮಕ್ಕಳ ಮೇಲೆ ಕಣ್ಣಿಡಲು ಪರದೆಯ ಚಿತ್ರ ಹಿಡಿಯುವ ತಂತ್ರಾಂಶ ಮಾರುತ್ತಿತ್ತು. 2024ರ ಮೇ ತಿಂಗಳಲ್ಲಿ ನೋಡಿದರೆ ಅದು ಅಲ್ಲಿನ ಕೆಲವು ಹೋಟೆಲುಗಳ ಚೆಕ್-ಇನ್ ಕಂಪ್ಯೂಟರಿನಲ್ಲೂ ಕೂತಿತ್ತು, ಅತಿಥಿಗಳ ವಿವರವಿದ್ದ ಚಿತ್ರಗಳು ಸೋರುತ್ತಿದ್ದವು. ಸ್ವಲ್ಪ ದಿನದಲ್ಲೇ ಯಾರೋ ಆ ಕಂಪನಿಯ ವೆಬ್‌ಸೈಟಿಗೇ ನುಗ್ಗಿ ಒಳಗಿದ್ದುದನ್ನು ಬಯಲಿಗೆ ಸುರಿದರು, ಕಂಪನಿ ಬಾಗಿಲು ಹಾಕಿತು. ತಂಗಿಯನ್ನು ಕಾಯುತ್ತೇನೆ ಎಂದುಕೊಂಡವನು ಅವಳ ಬ್ಯಾಂಕ್ ಪಾಸ್‌ವರ್ಡನ್ನು ಗುರುತು ಪರಿಚಯವಿಲ್ಲದವರ ಕೈಗೆ ಕೊಟ್ಟಿರುತ್ತಾನೆ. ನಿಮ್ಮಣ್ಣನಿಗೆ ಇದು ತಿಳಿದಿದ್ದರೆ ಹಾಕುತ್ತಿರಲಿಲ್ಲವೇನೋ.

ಸರಿ, ತೆಗೆಯುವುದು ಹೇಗೆ. ಒಂದೇ ದಿನ, ಬೆಳಿಗ್ಗೆಯಿಂದ ಸಂಜೆಯೊಳಗೆ ಮುಗಿಸಬೇಕು, ಅರ್ಧ ಮಾಡಿ ಬಿಡುವಂತಿಲ್ಲ. ಕಿತ್ತುಹಾಕುವ ಬಟನ್ ಹುಡುಕುವುದು, ತಾನಾಗಿ ಶುರುವಾಗುವುದನ್ನೆಲ್ಲ ತೋರಿಸುವ ಆಟೋರನ್ಸ್ ತೆರೆದು ಸಾಲು ಸಾಲು ತಪಾಸಣೆ ಮಾಡುವುದು ನನ್ನಂಥವರಿಗೆ ಅಭ್ಯಾಸ. ನಿನಗೆ ಅದು ಬೇಡ. ಹೀಗೆ ಒಳಸೇರಿದ್ದರಲ್ಲಿ ಒಂದು ಎಳೆ ಉಳಿದರೂ ಕೆಲಸ ಕೆಟ್ಟಂತೆ. ಇಡೀ ಡಿಸ್ಕ್ ಒರೆಸಿ ವಿಂಡೋಸ್ ಹೊಸದಾಗಿ ಹಾಕುವುದೇ ಸುಲಭ, ನಂಬಿಕೆಗೂ ಯೋಗ್ಯ. ಆದರೆ ಅದೇ ಕಂಪ್ಯೂಟರಿನಲ್ಲಿರುವ ರೀಸೆಟ್ ಅಲ್ಲ. ಬೇರೆ ಶುದ್ಧವಾದ ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ 8 ಜಿಬಿಯ ಪೆನ್‌ಡ್ರೈವ್ ಸಿದ್ಧಮಾಡಿ, ಅದರಿಂದ ಬೂಟ್ ಮಾಡಿ, ಹಳೆಯ ಪಾರ್ಟಿಷನ್ ಎಲ್ಲ ಅಳಿಸಿ ವಿಂಡೋಸ್ ಹಾಕಬೇಕು. ನಿನ್ನದು ಹಳೆಯ ಯಂತ್ರ, ವಿಂಡೋಸ್ 11 ಹಿಡಿಸದಿದ್ದರೆ ವಿಂಡೋಸ್ 10ಕ್ಕೆ ಅಂಟಿಕೊಳ್ಳುವುದು ಬೇಡ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಉಬುಂಟು ಹಾಕೋಣ, ಕನ್ನಡ ಅದರಲ್ಲೂ ಬರುತ್ತದೆ.

ಅದಕ್ಕೂ ಮೊದಲು ಪಾಸ್‌ವರ್ಡ್. ಎಲ್ಲರೂ ಎಡವುವುದು ಇಲ್ಲಿ. ಹೆದರಿಕೆಯಾದ ಕೂಡಲೇ ಅದೇ ಕಂಪ್ಯೂಟರಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸುತ್ತಾರೆ, ಹೊಸದೂ ಅಕ್ಷರ ಅಕ್ಷರವಾಗಿ ನೋಡುವವನಿಗೆ ಹೋಗುತ್ತದೆ. ಗೆಳತಿಯ ಫೋನಿನಲ್ಲೋ ಶನಿವಾರ ಬರುವಾಗ ನಾನು ತರುವ ಲ್ಯಾಪ್‌ಟಾಪಿನಲ್ಲೋ ಬದಲಿಸು. ಜಿಮೇಲ್ ಮೊದಲು. ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡು, ಎರಡು ಹಂತದ ಪರಿಶೀಲನೆ ಹಾಕು, ಫಾರ್ವರ್ಡಿಂಗಿನಲ್ಲಿ ಬೇರೆ ವಿಳಾಸ ಇದೆಯೇ ನೋಡು. ರಿಕವರಿ ಫೋನ್ ನಂಬರ್ ಯಾರದು? ಹತ್ತನೇ ತರಗತಿಯಲ್ಲಿ ನಿನಗೆ ಆ ಖಾತೆ ಮಾಡಿಕೊಟ್ಟವನು ಅಣ್ಣನೇ, ಅವನ ನಂಬರೇ ಇರಬಹುದು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಖಾತೆಯ ಕೀಲಿ ಹೀಗೆ ಅಪ್ಪನ, ಅಣ್ಣನ, ಗಂಡನ ಜೇಬಿನಲ್ಲಿರುತ್ತದೆ, ಯಾರೂ ಕದ್ದದ್ದಲ್ಲ, ನಾವೇ ಕೊಟ್ಟು ಮರೆತದ್ದು. ನಿನ್ನ ನಂಬರ್ ಹಾಕು. ನಿನ್ನ ವಾಟ್ಸಾಪಿನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ಗೊತ್ತಿಲ್ಲದ್ದನ್ನು ಕಳಚು.

ಒರೆಸುವ ಮೊದಲು ಫೋಟೋ, ಪ್ರಬಂಧದ ಕಡತ ಇವಷ್ಟನ್ನೇ ಪೆನ್‌ಡ್ರೈವಿಗೆ ತೆಗೆದುಕೋ, ಸಾಫ್ಟ್‌ವೇರಿನ ಇನ್‌ಸ್ಟಾಲರ್ ಒಂದೂ ಬೇಡ. ಹೊಸದಾಗಿ ಕ್ರೋಮ್ ಹಾಕಿ ಹಳೆಯ ಖಾತೆಯಿಂದ ಒಳಹೊಕ್ಕ ಕೂಡಲೇ ಸಿಂಕ್ ಆಗಿ ಹಳೆಯ ಎಕ್ಸ್‌ಟೆನ್ಷನ್‌ಗಳು ತಾವಾಗಿ ವಾಪಸು ಬರುತ್ತವೆ. ಅದರಲ್ಲಿ ಕಳ್ಳನೊಬ್ಬ ಇದ್ದರೆ ಅವನೂ ಬಂದ. ಅವನ್ನು ಮೊದಲೇ ತೆಗೆದಿರಬೇಕು. ಕೊನೆಗೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ನಿನ್ನೊಬ್ಬಳದೇ ಇರಲಿ, ನನಗೂ ಹೇಳಬೇಡ.

(ಮುಂದೆ ಪುಣೆಯಲ್ಲಿ ಆಫೀಸಿನವರು ಲ್ಯಾಪ್‌ಟಾಪ್ ಕೊಟ್ಟರೆ ಅದರಲ್ಲಿ ಹೀಗೆಲ್ಲ ಮಾಡಲು ಹೋಗಬೇಡ. ಅದು ಅವರ ವಸ್ತು, ಸ್ವಂತ ಮಾತು ಅದರಲ್ಲಿ ಆಡದಿದ್ದರಾಯಿತು.)

ಈ ಕಂಪ್ಯೂಟರ್ ಮಾತ್ರ ನಿನ್ನದು. ಫೆಲೋಶಿಪ್ ದುಡ್ಡಿನಲ್ಲಿ ಕೊಂಡದ್ದು, ಬಿಲ್ ನಿನ್ನ ಹೆಸರಿನಲ್ಲಿದೆ, ಅದನ್ನು ಜೋಪಾನ ಮಾಡು. ಒಡೆಯರ ಅನುಮತಿಯಿಲ್ಲದೆ ಕಂಪ್ಯೂಟರಿಗೆ ಕೈಹಾಕಿ ಮಾಹಿತಿ ತೆಗೆಯುವುದು 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ. ಅಪ್ರಾಮಾಣಿಕತೆಯಿಂದ ಮಾಡಿದ್ದೆಂದಾದರೆ 66ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲೂ ಇದೆ. ಹೆಣ್ಣೊಬ್ಬಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಗಂಡಸು ಕಣ್ಣಿಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಅಪರಾಧ ಎನ್ನುತ್ತದೆ. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಇಂಥ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗಳಿವೆ. ಅಣ್ಣನನ್ನು ಠಾಣೆ ಹತ್ತಿಸು ಎಂದು ಹೇಳುತ್ತಿಲ್ಲ, ಹತ್ತಿಸಬೇಡ ಎಂದೂ ಹೇಳುವುದಿಲ್ಲ. ಬಾಗಿಲು ಎಲ್ಲಿದೆ ಎಂದು ನಿನಗೆ ಗೊತ್ತಿರಲಿ.

ಕಾನೂನಿನ ಮಾತು ಬಂತಲ್ಲ, ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರು ಕೇಳಿದ್ದೀಯಾ? ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಇದ್ದವರು. ನಿವೃತ್ತರಾಗಿ ಬಹಳ ಕಾಲದ ಮೇಲೆ, 2012ರಲ್ಲಿ, 86ನೇ ವಯಸ್ಸಿನಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಮೂಲಭೂತ ಹಕ್ಕು ಎಂದರು. ಅವರು ಹೋರಾಡಿದ್ದು ಸರ್ಕಾರದ ಎದುರು, ನಿನ್ನದು ಒಡಹುಟ್ಟಿದವನ ಎದುರು. ನನಗೆ ನಿನ್ನದೇ ಹೆಚ್ಚು ಕಷ್ಟದ್ದು ಎನಿಸುತ್ತದೆ. ಸರ್ಕಾರದ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕಾಗಿರುವುದಿಲ್ಲ.

ಶುಕ್ರವಾರ ರಾತ್ರಿಯ ತಾಳಗುಪ್ಪ ರೈಲಿಗೆ ಹೊರಡುತ್ತೇನೆ, ಶನಿವಾರ ಬೆಳಿಗ್ಗೆ ಮೈಸೂರಿನಲ್ಲಿರುತ್ತೇನೆ. ಬರುವ ಕಾರಣ ಯಾರಾದರೂ ಕೇಳಿದರೆ ಮೊಣಕಾಲು ತೋರಿಸುವುದಕ್ಕೆ ಎನ್ನು, ಅದು ಸುಳ್ಳೇನೂ ಅಲ್ಲ. ಅಣ್ಣನ ಹತ್ತಿರ ನಾನು ಮಾತಾಡಬೇಕೋ, ನೀನೇ ಆಡುತ್ತೀಯೋ, ಯಾರೂ ಆಡುವುದು ಬೇಡವೋ, ಅದನ್ನು ನೀನು ಹೇಳಿದ ಹಾಗೆ. ಈ ಕಾಗದದ ಒಂದು ನಕಲು ನನ್ನ ಬಳಿ ಇದೆ. ನಿನ್ನಂಥ ಇನ್ನೂ ಹಲವರಿಗೆ ಇದು ಬೇಕಾಗುತ್ತದೆ ಎನಿಸಿ ಪತ್ರಿಕೆಗೆ ಕೊಡುವ ಆಸೆಯಿದೆ. ಎಲ್ಲ ಮುಗಿದ ಮೇಲೆ, ನೀನು ಆಗಬಹುದು ಎಂದರೆ ಮಾತ್ರ.

ಪೆನ್‌ಡ್ರೈವ್ ಎರಡು ತರುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಒಂದು, ಅದು ನಿಮ್ಮಮ್ಮನಿಗೆ.

ನಿನ್ನ
ದೊಡ್ಡಮ್ಮ