ದೀಪದ ಬೆಳಕೇ ಸಾಕು: ಹಬ್ಬದ ಮನೆಗೆ ಮೊದಲ ಸಲ ಕ್ಯಾಮೆರಾ ಹಿಡಿದು ಹೊರಟವರಿಗೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ದೀಪಾವಳಿಯೇ ದೊಡ್ಡ ಹಬ್ಬ. ಬೆಂಗಳೂರು, ಮಂಗಳೂರು ಸೇರಿದ ಮಕ್ಕಳು ಮೊಮ್ಮಕ್ಕಳೆಲ್ಲ ಆ ಮೂರು ದಿನ ಮೂಲಮನೆಗೆ ಬರುತ್ತಾರೆ. ಅದುವರೆಗೆ ಮಂಜು, ಹಕ್ಕಿ, ಅಬ್ಬಿಗಳ ಫೋಟೊ ತೆಗೆದುಕೊಂಡಿದ್ದ ಹುಡುಗನಿಗೆ ಆಗ ಒಂದು ಕರೆ ಬರುತ್ತದೆ: “ಹಬ್ಬಕ್ಕೆ ಎಲ್ಲರೂ ಸೇರ್ತೀವಿ, ಬಂದು ಫೋಟೊ ತೆಗೆದುಕೊಡು ಮಾರಾಯ.” ಒಪ್ಪಿಕೊಂಡಿದ್ದೀರಾದರೆ, ಇಂಥ ಮನೆಗಳಲ್ಲಿ ಹಲವು ಹಬ್ಬ ಕಳೆದ ನನ್ನ ಅನುಭವದಿಂದ ಇಷ್ಟು ಹೇಳಬಲ್ಲೆ.

1. ಹಿಂದಿನ ದಿನವೇ ಹೋಗಿ ಮನೆ ನೋಡಿ
ಕಾಫಿ ಕುಡಿಯುತ್ತಾ ಜಗುಲಿಯಲ್ಲಿ ಕೂತು ನೋಡಿ. ಕಿಟಕಿ ಯಾವ ದಿಕ್ಕಿಗಿದೆ, ನಡುಮನೆಗೆ ಬೆಳಕು ಎಲ್ಲಿಂದ ಬೀಳುತ್ತದೆ, ಸ್ವಿಚ್ ಎಲ್ಲಿದೆ? ತೊಟ್ಟಿಮನೆಯಾದರೆ ಬೆಳಕೆಲ್ಲ ಅಂಕಣದ ನಡುವಿನಿಂದ ಇಳಿಯುತ್ತದೆ. ಎರಡು ಹೆಜ್ಜೆ ಒಳಗೆ ಸರಿದರೆ ಕತ್ತಲೆ. ಇದನ್ನು ಕಣ್ಣಾರೆ ಕಲಿಯಬೇಕೆಂದರೆ ಕೊಪ್ಪದಿಂದ ತೀರ್ಥಹಳ್ಳಿ ಕಡೆಗೆ ಹೋಗುವಾಗ ಕುಪ್ಪಳಿಯ ಕವಿಮನೆಗೆ ಹೋಗಿ ಬನ್ನಿ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ಈ ಮನೆಯಲ್ಲಿ. ಕ್ಯಾಮೆರಾ ಚೀಲದಲ್ಲೇ ಇರಲಿ, ಬೆಳಕು ಕಂಬದಿಂದ ಕಂಬಕ್ಕೆ ಹೇಗೆ ಇಳಿಮುಖವಾಗುತ್ತದೆ ಎಂದಷ್ಟೇ ನೋಡಿ.

ಮನೆಯ ಹಿರಿಯ ಹೆಂಗಸನ್ನು ಕೇಳದೆ ಬರಬೇಡಿ. ಹಂಡೆಗೆ ನೀರು ತುಂಬುವುದು ಯಾವಾಗ, ಗೋಪೂಜೆ ಎಷ್ಟು ಹೊತ್ತಿಗೆ, ಬಲೀಂದ್ರನನ್ನು ಎಲ್ಲಿ ಕೂರಿಸುತ್ತಾರೆ ಎಂಬುದೆಲ್ಲ ಅವರಿಗೇ ಗೊತ್ತು.

2. ಫ್ಲ್ಯಾಶ್ ಕೆಳಗಿಡಿ
ನನ್ನ ಮೊದಲ ಹಬ್ಬದಲ್ಲಿ ಒಬ್ಬ ಅಜ್ಜಿ ದೇವರ ಮುಂದೆ ದೀಪ ಹಚ್ಚುತ್ತಿದ್ದರು. ನಾನು ಕ್ಯಾಮೆರಾದ ಮೇಲಿನ ಪುಟ್ಟ ಫ್ಲ್ಯಾಶ್ ಹೊಡೆದೆ. ಮುಖ ಸುಣ್ಣ ಬಳಿದಂತೆ ಬಿಳುಚಿ, ಹಿಂದೆ ಗೋಡೆಗೆ ಕರಿನೆರಳು ಬಿದ್ದು, ದೀಪ ಇದ್ದದ್ದೇ ಕಾಣಲಿಲ್ಲ. ಮುಂದಿನ ದೀಪಾವಳಿಗೆ ಅಜ್ಜಿ ಇರಲಿಲ್ಲ. ಆ ಮನೆಯವರ ಬಳಿ ಅವರದೆಂದು ಉಳಿದಿರುವುದು ಆ ಬಿಳುಚಿದ ಮುಖವೊಂದೇ, ಇವತ್ತಿಗೂ ನನಗೆ ಅದು ಸಂಕಟ.

ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಸಿನಿಮಾದಲ್ಲಿ ಮೇಣದಬತ್ತಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ತೆಗೆಯಲು ನಾಸಾಕ್ಕಾಗಿ ತಯಾರಾದ ಎಫ್/0.7 ಜೈಸ್ ಲೆನ್ಸನ್ನು ಹುಡುಕಿ ತಂದರು. ನಮಗೆ ಅಷ್ಟು ಬೇಕಿಲ್ಲ. ಇಂದಿನ ಸಾಧಾರಣ ಕ್ಯಾಮೆರಾವೂ ಕತ್ತಲೆಯಲ್ಲಿ ಅಂದಿನ ಫಿಲ್ಮಿಗಿಂತ ಎಷ್ಟೋ ಚೆನ್ನಾಗಿ ನೋಡುತ್ತದೆ.

ಫ್ಲ್ಯಾಶ್ ಬೇಕೇಬೇಕು ಎನ್ನಿಸಿದರೆ ಸುಣ್ಣದ ಗೋಡೆಗೆ ತಿರುಗಿಸಿ ಹೊಡೆಯಿರಿ. ಹಳೆಯ ಮನೆಗಳ ಮರದ ಮುಚ್ಚಿಗೆಗೆ ಹೊಡೆದರೆ ಬೆಳಕನ್ನು ಮರವೇ ಕುಡಿದುಬಿಡುತ್ತದೆ.

3. ಒಂದೇ ಒಂದು ಲೆನ್ಸ್ ಕೊಳ್ಳುವುದಾದರೆ
ಕ್ಯಾಮೆರಾ ಜೊತೆ ಬರುವ ಜೂಮ್ ಲೆನ್ಸ್ ಎಳೆದಾಗ ಎಫ್/5.6ಕ್ಕೆ ಇಳಿಯುತ್ತದೆ. ಎಫ್/1.8 ಲೆನ್ಸ್ ಅದಕ್ಕಿಂತ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ತರುತ್ತದೆ. 50 ಮಿ.ಮೀ. ಅಗ್ಗ, ಆದರೆ ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಇಕ್ಕಟ್ಟಿನ ನಡುಮನೆಗೆ ಅದು ತೀರಾ ಹತ್ತಿರ; ಬೆನ್ನು ಗೋಡೆಗೆ ತಾಗಿದರೂ ನಾಲ್ಕು ಜನ ಹಿಡಿಸುವುದಿಲ್ಲ. 35 ಮಿ.ಮೀ. ಒಳ್ಳೆಯದು. ಕೊಳ್ಳಲಾಗದಿದ್ದರೆ ಯಾರ ಬಳಿಯಾದರೂ ಮೂರು ದಿನಕ್ಕೆ ಕೇಳಿ ತನ್ನಿ.

4. ಶಟರ್ ಮೊದಲು, ಐಎಸ್ಒ ಆಮೇಲೆ
ಕಾಳುಕಾಳಾಗಿ ಬಂದ ಫೋಟೊವನ್ನು ಮನೆಯವರು ಖುಷಿಯಿಂದ ನೋಡುತ್ತಾರೆ, ಅಲುಗಿದ್ದನ್ನು ಪಕ್ಕಕ್ಕಿಡುತ್ತಾರೆ. ಐಎಸ್ಒ 3200, 6400ಕ್ಕೆ ಏರಿಸಲು ಅಂಜಬೇಡಿ. ಶಟರ್ 1/100ರಲ್ಲಿರಲಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್ಇಡಿ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಅದಕ್ಕಿಂತ ವೇಗದ ಶಟರಿನಲ್ಲಿ ಕೆಲವೊಮ್ಮೆ ಫೋಟೊಗೆ ಅಡ್ಡಪಟ್ಟಿ ಬೀಳುತ್ತದೆ. ಮಕ್ಕಳು ಓಡುತ್ತಿದ್ದರೆ ಅವರು ನಿಲ್ಲುವ ಕ್ಷಣಕ್ಕೆ ಕಾಯಿರಿ, ಕಜ್ಜಾಯದ ತಟ್ಟೆ ಬಂದಾಗ ನಿಂತೇ ನಿಲ್ಲುತ್ತಾರೆ.

5. ಟ್ಯೂಬ್‌ಲೈಟ್ ಆರಿಸಲು ಕೇಳಿ
ದೀಪದ ಬೆಳಕು ಕೇಸರಿ, ಟ್ಯೂಬ್‌ಲೈಟಿನದು ನೀಲಿ ಬಿಳಿ. ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಆಮೇಲೆ ಯಾವ ಕಂಪ್ಯೂಟರೂ ಸರಿಮಾಡಲಾರದು. “ಪೂಜೆ ಮುಗಿಯೋವರೆಗೆ ಇದೊಂದು ಆರಿಸಲಾ ಅಮ್ಮ?” ಎಂದರೆ ಬೇಡ ಎನ್ನುವವರು ಕಡಿಮೆ. ಫೈಲ್ ‘ರಾ’ದಲ್ಲಿ ಇರಲಿ.

6. ಹೊಗೆ, ತೇವ, ಕರೆಂಟು
ಹೊರಗಿನ ಇಬ್ಬನಿಯಿಂದ ಬಚ್ಚಲಮನೆಯ ಹಂಡೆ ಒಲೆಯ ಹತ್ತಿರ ನೇರ ಹೋದರೆ ಲೆನ್ಸ್ ಮಂಜು ಹಿಡಿಯುತ್ತದೆ. ಚೀಲದಲ್ಲೇ ಹತ್ತು ಹದಿನೈದು ನಿಮಿಷ ಒಳಗಿಟ್ಟು ಆಮೇಲೆ ತೆಗೆಯಿರಿ. ಕರೆಂಟು ಹೋಗುತ್ತದೆಂದೇ ತಿಳಿದು ಎರಡು ಬ್ಯಾಟರಿ ತುಂಬಿಸಿಕೊಂಡು ಹೋಗಿ.

7. ಅಂಟಿಗೆ-ಪಂಟಿಗೆಯವರು ಬಂದಾಗ
ರಾತ್ರಿ ಊಟ ಮುಗಿದು, ಅರ್ಧ ಮನೆ ನಿದ್ದೆಗೆ ಜಾರಿದ ಮೇಲೆ, ದೂರದಲ್ಲಿ ನಾಯಿ ಬೊಗಳುತ್ತದೆ. ಹಚ್ಚಿದ ದೀಪವನ್ನು ಆರದಂತೆ ಕಾಪಾಡಿಕೊಂಡು ಮನೆಮನೆಗೆ ಹಾಡುತ್ತಾ ಬರುವ ಈ ತಂಡ ಮುಚ್ಚಿದ ಬಾಗಿಲ ಹೊರಗೆ ನಿಂತು ಹಾಡು ಶುರು ಮಾಡುತ್ತದೆ. ಕ್ಯಾಮೆರಾ ಕಟ್ಟಿಟ್ಟು ಮಲಗಿದ್ದವರು ಹಬ್ಬದ ಅತ್ಯುತ್ತಮ ಫೋಟೊ ಕಳೆದುಕೊಂಡರೆಂದೇ ಲೆಕ್ಕ.

ಬಾಗಿಲು ತೆರೆಯುವ ಮುಂಚೆಯೇ ಒಳಗೆ, ದಾರಂದಕ್ಕೆ ಒರಗಿ ನಿಲ್ಲಿ. ಫ್ಯಾನ್ ಆರಿಸಿ, ಆ ದೀಪ ಆರಬಾರದು. ಮನೆಯಾಕೆ ಎಣ್ಣೆ ತಂದು ದೀಪಕ್ಕೆ ಎರೆಯಲು ಬಾಗಿದಾಗ ಹಾಡುವವರ ಮುಖಕ್ಕೂ ಆಕೆಯ ಮುಖಕ್ಕೂ ಒಂದೇ ಬೆಳಕು ಬೀಳುತ್ತದೆ, ಎರಡು ಮೂರು ಸೆಕೆಂಡು ಅಷ್ಟೇ. ಸುತ್ತಲಿನ ಕತ್ತಲೆ ನೋಡಿ ಕ್ಯಾಮೆರಾ ತಾನಾಗಿ ಎಲ್ಲವನ್ನೂ ಬೆಳ್ಳಗೆ ಮಾಡಲು ಹೊರಡುತ್ತದೆ. ಎಕ್ಸ್‌ಪೋಷರನ್ನು ಮೊದಲೇ ಒಂದು, ಒಂದೂವರೆ ಸ್ಟಾಪ್ ಇಳಿಸಿಡಿ. ಫೋಕಸ್ ಕಣ್ಣಿಗೆ. ಫೋಟೊ ತಪ್ಪಿತೆಂದು “ಇನ್ನೊಂದ್ಸಲ ಎಣ್ಣೆ ಹಾಕಿ” ಅನ್ನಬೇಡಿ. ಅದು ಆ ಮನೆಗೂ ಆ ದೀಪಕ್ಕೂ ಸೇರಿದ ಗಳಿಗೆ. ಮುಂದಿನ ಮನೆಗೆ ಅವರ ಜೊತೆಯೇ ನಡೆದರೆ ಮತ್ತೆ ಸಿಗುತ್ತದೆ.

8. ಮನೆಮಂದಿಯ ಗುಂಪು ಫೋಟೊ ಹಗಲಲ್ಲೇ
ಸಂಜೆ ನಾಲ್ಕಕ್ಕೆ ಅಂಗಳದಲ್ಲಿ. ಹಿರಿಯರಿಗೆ ಕುರ್ಚಿ, ಮಕ್ಕಳಿಗೆ ಚಾಪೆ. ಎಫ್/5.6, ಕನಿಷ್ಠ ಆರು ಫ್ರೇಮ್. ಅಡುಗೆಮನೆಯಲ್ಲಿರುವವರನ್ನು ಹೋಗಿ ಕರೆತನ್ನಿ, ಅವರನ್ನೇ ಎಲ್ಲರೂ ಮರೆಯುವುದು.

9. ದೇವರ ಕೋಣೆ
ಕೇಳಿ. ಬೇಡವೆಂದರೆ ಮತ್ತೆ ಕೇಳಬೇಡಿ. ಹೊಸ್ತಿಲಾಚೆಯಿಂದ ಕಾಣುವ ಬೆನ್ನು, ಮುಗಿದ ಕೈ, ತಗ್ಗಿದ ತಲೆಯಲ್ಲೂ ಪೂಜೆ ಇದೆ.

10. ಕ್ರಿಸ್‌ಮಸ್ ಮನೆಗಳಲ್ಲಿ
ನರಸಿಂಹರಾಜಪುರ, ಬಾಳೆಹೊನ್ನೂರಿನ ಕಡೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಹಲವು. ಅಲ್ಲಿ ಡಿಸೆಂಬರಿನಲ್ಲಿ ಕರೆ ಬಂದರೂ ಸೂತ್ರ ಇದೇ. ಗೋದಲಿಯ ಬಲ್ಬುಗಳು ಸಣ್ಣವು. ಅವುಗಳ ಹತ್ತಿರ ಮಗುವನ್ನು ಕೂರಿಸಿ, ದೊಡ್ಡ ದೀಪ ಆರಿಸಿ.

11. ಕಾಗದದ ಮೇಲೆ ಕೊಡಿ
ವಾಟ್ಸ್ಆ್ಯಪಿನಲ್ಲಿ ಇನ್ನೂರು ಕಳಿಸುವ ಬದಲು ಇಪ್ಪತ್ತು ಆರಿಸಿ, ಪ್ರಿಂಟ್ ಹಾಕಿಸಿ, ಮನೆಗೇ ಹೋಗಿ ಹಿರಿಯರ ಕೈಗೆ ಕೊಡಿ. ಫೋಟೊದಲ್ಲಿ ಯಾರು ಯಾರಿದ್ದಾರೆ ಎಂದು ಅವರಿಂದಲೇ ಹೇಳಿಸಿ ಹಿಂಬದಿಯಲ್ಲಿ ಹೆಸರು, ವರ್ಷ ಬರೆಯಿರಿ. ನಮ್ಮ ಮಳೆಗೆ ಹೊರಗೋಡೆ ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ, ಫೋಟೊಗೆ ಬೂಷ್ಟು ಹಿಡಿಯುತ್ತದೆ. ಒಳಗೋಡೆಗೆ, ಅಡುಗೆಮನೆಯ ಬಿಸಿ ತಾಗುವ ಕಡೆ ತೂಗುಹಾಕಿಸಿ. ಗಾಜಿಗೂ ಕಾಗದಕ್ಕೂ ನಡುವೆ ಒಂದಿಷ್ಟು ಎಡೆ ಬಿಡಲು ಫ್ರೇಮ್ ಹಾಕುವವರಿಗೆ ಹೇಳಿ.